ಪ್ರಾಜೆಕ್ಟ್ ಎಂದರೆ ಗಿಡಕ್ಕೆ ನೀರು ಬಿಡುವ ಸೆನ್ಸರ್ ಮಾತ್ರವೇ?

ಮಾನ್ಯ ಸಂಪಾದಕರೇ,

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪ್ರದರ್ಶನದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮತ್ತೆ ಅದೇ: ಗಿಡಕ್ಕೆ ತಾನೇ ನೀರು ಬಿಡುವ ಸೆನ್ಸರ್, ಗೆರೆ ಹಿಡಿದು ಓಡುವ ರೋಬೋ. ಬೇಡ ಅನ್ನುತ್ತಿಲ್ಲ. ಆದರೆ ಈ ಮಕ್ಕಳು ನಾಳೆ ರೈಲು ಹತ್ತಿ ಬೆಂಗಳೂರಿಗೆ ಕೆಲಸ ಕೇಳಿಕೊಂಡು ಬರುವವರು. ಅಲ್ಲಿ ಕೇಳುವ ಪ್ರಶ್ನೆಗಳೇ ಬೇರೆ.

ಅಲ್ಲೊಂದು ಕಂಪನಿಯಲ್ಲಿ ನಾನು ಮೊಬೈಲ್ ಟವರ್‌ಗಳ ರೇಡಿಯೋ ಟೆಸ್ಟ್ ಮಾಡುತ್ತೇನೆ. ಇಂಟರ್‌ವ್ಯೂನಲ್ಲಿ ಪವರ್ ಆಂಪ್ಲಿಫೈಯರ್, ಅಂದರೆ ಸಿಗ್ನಲ್ಲಿನ ಬಲ ಹೆಚ್ಚಿಸುವ ಸಾಧನದ ಬಗ್ಗೆ ಕೇಳಿದರೆ, ಅದರ ಗುರುತಾದ ಒಂದು ತ್ರಿಕೋನ ಬರೆದು "ಗೇನ್ ಹತ್ತು, ಮೇಡಂ" ಅನ್ನುತ್ತಾರೆ, ಅಂದರೆ ಹತ್ತು ಪಟ್ಟು ಹೆಚ್ಚಿಸುತ್ತದೆ ಅಂತ. ಇನ್‌ಪುಟ್ ಜಾಸ್ತಿ ಮಾಡುತ್ತಲೇ ಹೋದರೆ? ಉತ್ತರವಿಲ್ಲ. ಜಾತ್ರೆಯಲ್ಲಿ ಮೈಕ್‌ಸೆಟ್ಟಿನ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಹಾಡು ಒಡೆದು ಕೇಳಿಸುತ್ತದಲ್ವಾ, ಟವರ್‌ನಲ್ಲೂ ಹಾಗೇ ಆಗುತ್ತದೆ. 4ಜಿ ಸಿಗ್ನಲ್ಲಿನ ಪವರ್ ಒಂದೇ ಸಮ ಇರುವುದಿಲ್ಲ, ಅದರ ತುದಿಗಳು ಸರಾಸರಿಯ ಸುಮಾರು ಹತ್ತು ಪಟ್ಟಿನ ತನಕ ಏರುತ್ತವೆ. ಆ ತುದಿ ಮೊಂಡಾದರೆ ಪಕ್ಕದ ಚಾನೆಲ್‌ಗೆ, ಅಂದರೆ ಪಕ್ಕದ ತರಂಗಾಂತರಕ್ಕೆ, ಗಲೀಜು ಚೆಲ್ಲುತ್ತದೆ. ಅದಕ್ಕೆ ಹೆದರಿ ಪವರ್ ತಗ್ಗಿಸಿ ಓಡಿಸಿದರೆ ಕರೆಂಟಿನ ಬಹುಪಾಲು ಸುಮ್ನೆ ಬಿಸಿಯಾಗಿ ಹೋಗುತ್ತದೆ.

ಇದಕ್ಕೆ ಮದ್ದು ಡಿಜಿಟಲ್ ಪ್ರೀಡಿಸ್ಟಾರ್ಷನ್, ನಮ್ಮ ಬಾಯಲ್ಲಿ ಡಿಪಿಡಿ. ಆಂಪ್ಲಿಫೈಯರ್ ಹೇಗೆ ಸೊಟ್ಟ ಮಾಡುತ್ತದೋ ಅದಕ್ಕೆ ಉಲ್ಟಾ ಆಗಿ ಸಿಗ್ನಲ್ಲನ್ನು ಮೊದಲೇ ತಿರುಚಿ ಕಳಿಸುವುದು. ಔಟ್‌ಪುಟ್‌ನಿಂದ ಚೂರು ಸಿಗ್ನಲ್ ವಾಪಸ್ ತಂದು, ಕಳಿಸಿದ್ದರ ಜೊತೆ ಹೋಲಿಸಿ, ಲೆಕ್ಕ ತಿದ್ದುತ್ತಲೇ ಇರಬೇಕು. ಬಿಸಿ ಏರಿದಂತೆ ಆಂಪ್ಲಿಫೈಯರ್ ವರಸೆ ಬದಲಿಸುತ್ತದೆ. ಯಾವ ತರಂಗಾಂತರದಲ್ಲಿ ಎಷ್ಟು ಪವರ್ ಇದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ಮುಂದೆ ನಿಂತು ಡಿಪಿಡಿ ಆನ್ ಮಾಡಿ ನೋಡಿ. ಸಿಗ್ನಲ್ಲಿನ ಎರಡೂ ಪಕ್ಕ ಊದಿಕೊಂಡಿದ್ದ ಭುಜಗಳು ಕೆಳಗೆ ಕುಸಿಯುತ್ತವೆ. ಈ ಸೋರಿಕೆಗೆ ದೊಡ್ಡ ಟವರ್‌ಗಳಲ್ಲಿ ಸಾಮಾನ್ಯ ಮಿತಿ 45 ಡಿಬಿ (ಡೆಸಿಬೆಲ್). ಅಂದರೆ ಪಕ್ಕದ ಚಾನೆಲ್‌ಗೆ ಸೋರುವುದು ಸುಮಾರು 30,000ದಲ್ಲಿ ಒಂದು ಪಾಲು ಮೀರುವಂತಿಲ್ಲ.

ಡಿಪಿಡಿ ಒಂದರಿಂದಲೇ ಕರೆಂಟ್ ಉಳಿಯುತ್ತದೆ ಅಂದುಕೊಳ್ಳಬೇಡಿ. ಉಳಿಸುವುದು 1936ರಲ್ಲಿ ಬೆಲ್ ಲ್ಯಾಬ್ಸ್‌ನ ಡೋಹರ್ಟಿ ಕಂಡುಹಿಡಿದಂಥ ಆಂಪ್ಲಿಫೈಯರ್. ಅದು ಸಿಗ್ನಲ್ಲನ್ನು ಸೊಟ್ಟ ಮಾಡುತ್ತದೆ. ಡಿಪಿಡಿ ಅದನ್ನು ನೆಟ್ಟಗೆ ಮಾಡುವುದರಿಂದಲೇ ನಾವು ಅದನ್ನು ಧೈರ್ಯವಾಗಿ ಬಳಸುತ್ತೇವೆ. ಆಂಪ್ಲಿಫೈಯರ್ ಪೂರ್ತಿ ಸ್ಯಾಚುರೇಟ್ ಆದಮೇಲೆ, ಅಂದರೆ ಇನ್ನು ಪವರ್ ಏರಿಸಲಾಗದ ಹಂತ ಮುಟ್ಟಿದ ಮೇಲೆ ಮಾತ್ರ ಡಿಪಿಡಿಯ ಆಟವೂ ನಡೆಯುವುದಿಲ್ಲ.

ಇದನ್ನು ಕಲಿಸಲು ದೊಡ್ಡ ಲ್ಯಾಬ್ ಬೇಕಿಲ್ಲ. ಸಿಗ್ನಲ್ ಕಳಿಸಿ ವಾಪಸ್ ಹಿಡಿಯುವ ಒಂದು ಎಸ್‌ಡಿಆರ್ ಬೋರ್ಡ್ (ಸಾಫ್ಟ್‌ವೇರ್‌ನಿಂದ ನಡೆಯುವ ರೇಡಿಯೋ), ಪುಟ್ಟ ಆಂಪ್ಲಿಫೈಯರ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಇರುವ ಕಂಪ್ಯೂಟರ್ ಸಾಕು. ಆಂಟೆನಾ ಹಾಕದೆ ಕೇಬಲ್‌ನಲ್ಲೇ ಮಾಡಿ. ನಡುವೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಮರೆತರೆ ಬೋರ್ಡಿನ ರಿಸೀವರ್ ಸುಟ್ಟೀತು, ಹುಷಾರು.

ನಮ್ಮ ಜಿಲ್ಲೆಯ ಕಾಲೇಜುಗಳು ಈ ವರ್ಷ ಒಂದೊಂದು ತಂಡಕ್ಕಾದರೂ ಈ ಪ್ರಾಜೆಕ್ಟ್ ಕೊಡಲಿ. ಭಾನುವಾರ ಬಂದು ಹೇಳಿಕೊಡಲು ನಾನು ತಯಾರಿದ್ದೇನೆ.

ಒಬ್ಬ ರೇಡಿಯೋ ಎಂಜಿನಿಯರ್,
ಬಟವಾಡಿ, ತುಮಕೂರು