ಬೈಯುವ ಮೊದಲು ಕೇಳಿಸಿಕೋ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದ.

ಡೊಂಬಿವಲಿಯಲ್ಲಿ ನಾವೆಲ್ಲ ಆರಾಮಾಗಿದ್ದೇವೆ. ಚಿಂಟು ಗಾಂಧಿ ಮಾರ್ಕೆಟ್ ಹತ್ತಿರ ಮೊಣಕಾಲುದ್ದ ನೀರಲ್ಲಿ ನಡೆದು ಬಂದು, ಮಾರನೇ ದಿನದವರೆಗೆ ಬಾಯಿ ಬಿಡಲಿಲ್ಲ ಅಂತ ನೀನು ಫೋನಿನಲ್ಲಿ ಸಿಟ್ಟು ಮಾಡಿಕೊಂಡೆ. ಸುಳ್ಳು ಕಲಿತಿದ್ದಾನೆ ಅಂದೆ. ನನಗೆ ಹಾಗನ್ನಿಸಲಿಲ್ಲ. ಒಂಬತ್ತು ವರ್ಷದ ಹುಡುಗ, ನಿನ್ನ ಬೈಗುಳಕ್ಕೆ ಹೆದರಿದ್ದಾನೆ. ಕೂಡಲೇ ದವಾಖಾನೆಗೆ ಕರೆದುಕೊಂಡು ಹೋದೆಯಲ್ಲ, ಒಳ್ಳೆಯದಾಯಿತು.

ಮುಂಬೈಯಲ್ಲಿ ನಿಂತ ಮಳೆನೀರಿಗೆ ಇಲಿ, ನಾಯಿ, ದನಗಳ ಮೂತ್ರ ಸೇರಿರುತ್ತದೆ. ಕಾಲಲ್ಲಿ ಸಣ್ಣ ತರಚುಗಾಯ ಇದ್ದರೂ ಸಾಕು, ಲೆಪ್ಟೊ, ಅಂದರೆ ಇಲಿಜ್ವರದ ರೋಗಾಣು ಒಳಗೆ ಹೋಗುತ್ತದೆ. 2005ರ ಜುಲೈ 26ರ ಮಳೆ ಆದಮೇಲೆ ಈ ಜ್ವರ ಎಷ್ಟು ಮನೆಗಳನ್ನು ಕಾಡಿತು ಅಂತ ಇಲ್ಲಿಯ ಹಳಬರನ್ನು ಕೇಳು. ನೀರಲ್ಲಿ ನಡೆದ 72 ಗಂಟೆಯೊಳಗೆ ಹೋದರೆ ಮುಂಜಾಗ್ರತೆಯ ಮಾತ್ರೆ ಬೇಕಾ ಬೇಡವಾ ಅಂತ ಡಾಕ್ಟರು ನೋಡುತ್ತಾರೆ. ನೀನೇ ಅಂಗಡಿಯಿಂದ ತಂದು ಕೊಡಬೇಡ. ಮಕ್ಕಳಿಗೆ ಪ್ರಮಾಣ ಬೇರೆ, ವಯಸ್ಸು ನೋಡಿ ಔಷಧಿಯೂ ಬೇರೆ ಇರಬಹುದು.

ಜ್ವರ ಮರುದಿನವೇ ಬರುವುದಿಲ್ಲ. ಸಾಮಾನ್ಯವಾಗಿ 5ರಿಂದ 14 ದಿನ ಬಿಟ್ಟು ಬರುತ್ತದೆ. ಕಣ್ಣು ಕೆಂಪು, ಮೀನಖಂಡದಲ್ಲಿ ನೋವು ಅಂದರೆ ತಡ ಮಾಡಬೇಡ. ಆಗ ಡಾಕ್ಟರು ಕೇಳುವುದು ಒಂದೇ: ನೀರಲ್ಲಿ ಓಡಾಡಿದ್ದನಾ? ಅವನು ಮುಚ್ಚಿಟ್ಟಿದ್ದರೆ ನೀನು ಇಲ್ಲ ಅಂತ ಧೈರ್ಯವಾಗಿ ಹೇಳುತ್ತಿದ್ದೆ, ಅಲ್ವಾ? ಇನ್ನೊಂದು, ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದು. ಅದಕ್ಕೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಪ್ಯಾರಾಸಿಟಮಾಲ್ ಕೊಡು, ಅದೂ ಮಗುವಿನ ತೂಕಕ್ಕೆ ಡಾಕ್ಟರು ಬರೆದಷ್ಟೇ.

ನೀನು ಲೋಕಲ್‌ನಲ್ಲಿ ನಿಂತು ನಿಂತು ಸೋತು ಬಂದಿರುತ್ತೀಯ, ಗೊತ್ತು. ಬಾಗಿಲು ತೆಗೆದ ಕೂಡಲೇ ಬಾಯಿಗೆ ಬರುವುದು ಹೋಮ್‌ವರ್ಕ್. ಆ ಹೊತ್ತು ಅದನ್ನು ಬಿಡು. ಚಹಾ ಕುಡಿಯುತ್ತಾ ಅವನ ಪಕ್ಕ ಸುಮ್ನೆ ಕೂರು. ಕೆಲವು ದಿನ ಏನೂ ಹೇಳುವುದಿಲ್ಲ, ಕೆಲವು ದಿನ ಎಲ್ಲ ಒಟ್ಟಿಗೆ ಹೇಳುತ್ತಾನೆ. ಅಳುತ್ತಾ ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದರೆ "ಕನ್ನಡದಲ್ಲಿ ಹೇಳು" ಅನ್ನಬೇಡ. ನಿನ್ನ ಗಂಡನಿಗೆ ಆ ಚಟ ಜಾಸ್ತಿ. ಕನ್ನಡ ಕಲಿಸಲು ಬೇರೆ ಹೊತ್ತಿದೆ.

ಸಣ್ಣ ತಪ್ಪನ್ನು ಹೇಳಲು ಹೆದರುವ ಮಗು ದೊಡ್ಡದನ್ನೂ ಹೇಳುವುದಿಲ್ಲ. ಸ್ಕೂಲ್ ವ್ಯಾನ್, ಲಿಫ್ಟ್, ಟ್ಯೂಷನ್, ಎಲ್ಲ ಕಡೆ ನೀನು ಜೊತೆಗಿರಲು ಆಗುವುದಿಲ್ಲ. "ಅಮ್ಮನಿಗೆ ಹೇಳಬೇಡ" ಅಂತ ಯಾರಾದರೂ ಅಂದರೆ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು ಅಂತ ಅವನಿಗೆ ಕಲಿಸು. ಆ ಯಾರಾದರೂ ನಮ್ಮ ನೆಂಟರೇ ಆಗಿದ್ದರೂ ಸರಿ. ಬೇಡ ಅಂದ ಮೇಲೆ ಅವನನ್ನು ಯಾರ ಮಡಿಲಿಗೂ ತಳ್ಳಬೇಡ, ನನ್ನ ಮಡಿಲಿಗೂ. 1098 ಮಕ್ಕಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಆ ನಂಬರನ್ನು ಬಾಯಿಪಾಠ ಮಾಡಿಸು.

ಪುಟ್ಟಿ ಈಗ ಹತ್ತಲು ಕಲಿತಿದ್ದಾಳಂತೆ. ಕಿಟಕಿಯ ಕೆಳಗಿರುವ ಸೋಫಾವನ್ನು ಇವತ್ತೇ ಸರಿಸು. ಗ್ರಿಲ್ ಹಾಕಿಸಲು ಸೊಸೈಟಿ ಮೀಟಿಂಗ್ ಆಗಲಿ ಅಂತ ಕಾಯಬೇಡ, ಸೆಕ್ರೆಟರಿ ಜೊತೆ ನಾನು ಮಾತಾಡುತ್ತೇನೆ. ಭಾನುವಾರ ಬರುತ್ತೇನೆ, ಅಡುಗೆ ಜಾಸ್ತಿ ಮಾಡಬೇಡ.

ನಿನ್ನ ದೊಡ್ಡಮ್ಮ