ಸಂಜೆ ಆರರ ನಂತರವೂ ಐಟಿಐ ಬಾಗಿಲು ತೆರೆದಿರಲಿ: ಕೌಶಲ್ಯಾಭಿವೃದ್ಧಿ ಸಚಿವರಿಗೆ ಹುಬ್ಬಳ್ಳಿಯ ಮೆಕ್ಯಾನಿಕನೊಬ್ಬನ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯ ಸಚಿವರಿಗೆ,

ಮಾನ್ಯರೇ,

ನಾನು ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ಚಿಕ್ಕದೊಂದು ಗ್ಯಾರೇಜು ಇಟ್ಟುಕೊಂಡಿರುವವನು. 1994ರಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವೃತ್ತಿಯಲ್ಲಿ ಐಟಿಐ ಮುಗಿಸಿ, ಒಂಬತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದು, ಆಮೇಲೆ ಸ್ವಂತ ಶೆಡ್ಡು ಹಾಕಿಕೊಂಡೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಕುಂದಗೋಳ, ಕಲಘಟಗಿ, ಶಿಗ್ಗಾವಿ ಕಡೆಯ ತಂದೆತಾಯಿಗಳು ಮಗನನ್ನು ಜೊತೆಗೆ ಕರೆದುಕೊಂಡು ಬಂದು, "ಮಾಲಕ್ರ, ಇವಗ ಒಂದ್ ಕೆಲಸಾ ಕಲಸ್ರಿ, ಪಗಾರ ಸದ್ಯಕ್ಕ ಬ್ಯಾಡ" ಎನ್ನುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ಇಂಥವರಿಗೆ ಉತ್ತರ ಕೊಡುವುದು ನನಗೆ ಕಷ್ಟವಾಗುತ್ತಿರಲಿಲ್ಲ. ಈಗ ಐಟಿಐಗೆ ಕಳಿಸಿ ಎಂದರೂ ಅರ್ಧ ಸತ್ಯ ಹೇಳಿದಂತೆ, ನನ್ನಲ್ಲಿಯೇ ಬಿಡಿ ಎಂದರೂ ಅರ್ಧ ಸತ್ಯ ಹೇಳಿದಂತೆ ಆಗುತ್ತಿರುವುದರಿಂದ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತ ಕಾಲದಲ್ಲಿ ಕಾರ್ಬ್ಯುರೇಟರಿನ ಸ್ಕ್ರೂವನ್ನು ಅರ್ಧ ಸುತ್ತು ಆಚೀಚೆ ತಿರುಗಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಗಾಡಿ ಸರಿಮಾಡುತ್ತಿದ್ದೆವು. 2020ರ ಏಪ್ರಿಲ್ 1ರಂದು ದೇಶ ವಾಹನದ ಹೊಗೆಯ ಮಿತಿಯಲ್ಲಿ ಬಿಎಸ್-4ರಿಂದ ನೇರವಾಗಿ ಇನ್ನೂ ಬಿಗಿಯಾದ ಬಿಎಸ್-6ಕ್ಕೆ ಹಾರಿದ ಮೇಲೆ ಹೊಸ ಸ್ಕೂಟರಿನಲ್ಲಿಯೂ ಕಾರ್ಬ್ಯುರೇಟರಿನ ಬದಲು ಫ್ಯೂಯಲ್ ಇಂಜೆಕ್ಷನ್, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬಂದು ಕುಳಿತಿವೆ. ಹೋದ ವರ್ಷ ನನ್ನ ಗ್ಯಾರೇಜಿಗೆ ಬಂದ ಕಾರೊಂದಕ್ಕೆ ದೋಷ ಓದುವ ಸ್ಕ್ಯಾನರ್ ಹಾಕಿದಾಗ ಪಿ 0171 ಎಂಬ ಕೋಡ್ ತೋರಿಸಿತು. ಎಂಜಿನ್ನಿಗೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲು ಸಾಲುತ್ತಿಲ್ಲ ಎಂಬುದು ಅದರ ಅರ್ಥ. ನನ್ನ ಬಳಿ ನಾಲ್ಕು ವರ್ಷದಿಂದ ಇರುವ ಹುಡುಗ, ಕೈ ಚುರುಕಾಗಿರುವವನೇ, ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಾಯಿಸಿದ. ಕೋಡ್ ಎರಡೇ ದಿನದಲ್ಲಿ ಮರಳಿ ಬಂತು. ಕೊನೆಗೆ ನೋಡಿದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಆಚೆಗಿನ ಬೆರಳುದಪ್ಪದ ರಬ್ಬರ್ ಪೈಪು ಬಿರಿದು ಅಲ್ಲಿಂದ ಗಾಳಿ ಒಳಗೆ ಹೋಗುತ್ತಿತ್ತು. ಪಾಪ, ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಹಳೆಯ ಸೆನ್ಸರನ್ನೇ ಮತ್ತೆ ಕೂರಿಸಿ, ಹೊಸದರ ಖರ್ಚನ್ನು ನಾನು ಹೊತ್ತೆ. ಆ ಹುಡುಗನಿಗೆ ಬಿಚ್ಚುವುದು, ಜೋಡಿಸುವುದು ಎರಡೂ ಬರುತ್ತವೆ. ಲಕ್ಷಣದಿಂದ ಕಾರಣದ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಹೋಗುವ ಕ್ರಮವನ್ನು ಅವನಿಗೆ ಯಾರೂ ಕೂರಿಸಿ ಕಲಿಸಿಲ್ಲ, ನಾನೂ ಕಲಿಸಿಲ್ಲ, ಏಕೆಂದರೆ ಬಾಗಿಲಲ್ಲಿ ಗಿರಾಕಿ ನಿಂತಿರುವಾಗ ಪಾಠ ಮಾಡಲು ಆಗುವುದಿಲ್ಲ.

ಡೀಸೆಲ್ ಗಾಡಿಗಳ ಕಥೆ ಇನ್ನೂ ತೊಡಕಿನದು. ಎಪಿಎಂಸಿಯಿಂದ ಅಂಗಡಿಗಳಿಗೆ ದಿನವಿಡೀ ಊರೊಳಗೇ ತಿರುಗುವ ಬಿಎಸ್-6 ಪಿಕಪ್ಪುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಹೊಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು, ಅದಕ್ಕೆ ಗಾಡಿ ಒಂದಷ್ಟು ಹೊತ್ತು ಹೆದ್ದಾರಿಯ ವೇಗದಲ್ಲಿ ಓಡಬೇಕು. ನಿಂತು ನಿಂತು ಸಾಗುವ ಪಿಕಪ್ಪಿನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ, ಹೊಗೆ ಕಾಯಿಸಲೆಂದು ಒಳಗೆ ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಆಯಿಲನ್ನು ತೆಳ್ಳಗೆ ಮಾಡುತ್ತದೆ, ಮುಂದೆ ಬೇರಿಂಗೇ ಹೋಗುತ್ತದೆ. ಇದನ್ನು ತಿಳಿಯದವನು ಫಿಲ್ಟರನ್ನೇ ಕೊರೆದು ಖಾಲಿ ಮಾಡಿಕೊಡುತ್ತಾನೆ. ಮಾಲೀಕನಿಗೆ ದುಡ್ಡು ಉಳಿಯಿತು ಅನ್ನಿಸುತ್ತದೆ, ಹೊಗೆ ಮಾತ್ರ ಊರಿನ ಪಾಲಿಗೆ ಬರುತ್ತದೆ.

ಇಲಾಖೆ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಿದ್ದು ದೊಡ್ಡ ಕೆಲಸ, ವಿದ್ಯುತ್ ವಾಹನದ ಕೋರ್ಸು ಕೂಡ ಅದರೊಳಗೆ ಬಂದಿದೆ. ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷದ ಕೋರ್ಸು, ಡೀಸೆಲ್ ಮೆಕ್ಯಾನಿಕ್ ಮತ್ತು ಟ್ರಾಕ್ಟರ್ ಮೆಕ್ಯಾನಿಕ್ ಒಂದೊಂದು ವರ್ಷದವು. ಗದಗ, ಹಾವೇರಿ ಜಿಲ್ಲೆಗಳ ಹೊಲಗಳಲ್ಲಿ ಓಡುತ್ತಿರುವ ಟ್ರಾಕ್ಟರುಗಳನ್ನು ಕಂಡವರಿಗೆ ಮೂರನೆಯದರ ಬೆಲೆ ಗೊತ್ತು. ಆದರೆ ಐಟಿಐ ಮುಗಿಸಿ ಬಂದ ಹುಡುಗನ ಕೈಯಲ್ಲಿ ತುಕ್ಕು ಹಿಡಿದ ಬೋಲ್ಟು ಬಿಚ್ಚಿದ ಅನುಭವ ಇರುವುದಿಲ್ಲ, ಗಿರಾಕಿಯ ಗಾಡಿ ಸಂಜೆಯೊಳಗೆ ಹೊರಗೆ ಹೋಗಬೇಕು ಎಂಬ ಒತ್ತಡದ ಪರಿಚಯವೂ ಇರುವುದಿಲ್ಲ. ಗ್ಯಾರೇಜಿನ ಹುಡುಗನಿಗೆ ಅವೆರಡೂ ಗೊತ್ತು. 12–13ರ ಪಾನಾ ಕೇಳಿದರೆ ಕಣ್ಣುಮುಚ್ಚಿ ಎತ್ತಿಕೊಡುತ್ತಾನೆ, ಬೋಲ್ಟನ್ನು ಅಳತೆಗೆ ತಕ್ಕಂತೆ ಬಿಗಿಯುವ ಟಾರ್ಕ್ ರೆಂಚನ್ನು ಮಾತ್ರ ಜನ್ಮದಲ್ಲಿ ಮುಟ್ಟಿರುವುದಿಲ್ಲ. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಗಡೆಗೆ, ಹಂತ ಹಂತವಾಗಿ, ಹೇಳಿದ ಅಳತೆಗೆ ಬಿಗಿಯಬೇಕು ಎಂಬುದನ್ನು ಅವನು ಕೈಯ ಅಂದಾಜಿನಲ್ಲಿಯೇ ಕಲಿತಿರುತ್ತಾನೆ. ಇಬ್ಬರೂ ಒಂದೇ ಊರಿನಲ್ಲಿ ಇದ್ದಾರೆ. ಒಬ್ಬನ ಯಂತ್ರಗಳಿಗೆ ಸಂಜೆ ಬೀಗ ಬೀಳುತ್ತದೆ, ಇನ್ನೊಬ್ಬನಿಗೆ ಪುರುಸೊತ್ತು ಸಿಗುವುದೇ ಸಂಜೆ.

ಈ ನಡುವೆ ದುಡ್ಡು ತೆಗೆದುಕೊಂಡು ಮೂರು ತಿಂಗಳಲ್ಲಿ ಮೆಕ್ಯಾನಿಕ್ ಮಾಡುತ್ತೇವೆ ಎನ್ನುವವರೂ ಇದ್ದಾರೆ. ಅಂಥ ಒಂದು ಕಡೆ ಓದಿ, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿಕೊಂಡು ನನ್ನಲ್ಲಿಗೆ ಬಂದ ಗದಗ ಜಿಲ್ಲೆಯ ಹುಡುಗನೊಬ್ಬ ಎಂಜಿನ್ನನ್ನು ಚಿತ್ರದಲ್ಲಿ ಮಾತ್ರ ಬಿಚ್ಚಿದ್ದ. ಅವನ ತಪ್ಪೇನೂ ಇರಲಿಲ್ಲ.

ಇನ್ನು ಅಪ್ರೆಂಟಿಸ್ ಕಾಯ್ದೆಯ ವಿಚಾರ. 1961ರ ಈ ಕಾಯ್ದೆಯ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯಂತೆ 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರು ಇರುವಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಜನ ಇರುವಲ್ಲಿ ಐಚ್ಛಿಕ. ನನ್ನ ಗ್ಯಾರೇಜಿನಲ್ಲಿ ಇರುವವರು ಮೂವರು. ನನ್ನ ಸಾಲಿನ ಹೆಚ್ಚಿನ ಗ್ಯಾರೇಜುಗಳ ಲೆಕ್ಕವೂ ಎರಡು ಮೂರನ್ನು ದಾಟುವುದಿಲ್ಲ. ಹೀಗಾಗಿ ನಮ್ಮಲ್ಲಿ ಐದು ವರ್ಷ ದುಡಿದವನೂ ಕಾಗದದ ಮೇಲೆ ಏನೂ ಅಲ್ಲ. ಅವನು ಹೆಲ್ಪರ್, ವಾರದ ಬಟವಾಡೆಯವನು. ಶಿಷ್ಯವೇತನದಲ್ಲಿ ತಿಂಗಳಿಗೆ ಗರಿಷ್ಠ 1,500 ರೂಪಾಯಿವರೆಗೆ ಕೇಂದ್ರ ಸರ್ಕಾರ ಭರಿಸುವ ಯೋಜನೆ ಇದ್ದರೂ ಅದು ಇವನ ತನಕ ಬರುವುದಿಲ್ಲ. ಹಲವು ಮಾಲೀಕರು ಒಟ್ಟುಗೂಡಿ ಅಪ್ರೆಂಟಿಸ್ ತರಬೇತಿ ಕೊಡಲು ಅದೇ ಕಾಯ್ದೆ ದಾರಿ ಬಿಟ್ಟಿದೆ. ಒಂದು ರಸ್ತೆಯ ಹತ್ತು ಗ್ಯಾರೇಜುಗಳನ್ನು ಒಂದು ಗುಂಪಾಗಿ ನೋಂದಾಯಿಸಿ, ಸರ್ಕಾರಿ ಐಟಿಐಯನ್ನೇ ಅದರ ಕೇಂದ್ರವಾಗಿ ಇಟ್ಟರೆ ನಾವು ಯಾವ ಲೆಕ್ಕಕ್ಕೂ ಇಲ್ಲದವರಾಗಿ ಉಳಿಯುವುದಿಲ್ಲ. ಇದನ್ನು ಗ್ಯಾರೇಜಿನವರು ತಾವಾಗಿಯೇ ಮಾಡಿಕೊಳ್ಳಲಿ ಎಂದರೆ ಆಗದ ಮಾತು. ನಮ್ಮಲ್ಲಿ ಅನೇಕರಿಗೆ ಜಿಎಸ್‌ಟಿ ಅರ್ಜಿಯನ್ನೇ ಬೇರೆಯವರು ತುಂಬಿಕೊಡಬೇಕು.

ಅನುಭವಿ ಕೆಲಸಗಾರರು ಖಾಸಗಿ ಅಭ್ಯರ್ಥಿಯಾಗಿ, ಐಟಿಐ ಓದಿದವರು ಬರೆಯುವ ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಕೂರುವ ಅವಕಾಶವೂ ಇದೆ. ನನ್ನ ರಸ್ತೆಯಲ್ಲಿ ಇದನ್ನು ಕೇಳಿ ಬಲ್ಲವನು ಒಬ್ಬನೂ ಸಿಗಲಿಲ್ಲ. ಆ ಪ್ರಮಾಣಪತ್ರ ಕೈಯಲ್ಲಿದ್ದರೆ ನಮ್ಮ ಹುಡುಗರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಡಿಪೋದ ಕಡೆಗೋ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಕಡೆಗೋ ತಲೆಯೆತ್ತಿ ಹೋಗಬಹುದು.

ಸುರಕ್ಷತೆಯ ಒಂದು ಮಾತನ್ನು ಬಿಡಲಾರೆ. ನನ್ನ ಎಡಗೈ ತೋರುಬೆರಳಿನ ತುದಿ ಹೋದದ್ದು ಓಡುತ್ತಿದ್ದ ಎಂಜಿನ್ನಿನ ಫ್ಯಾನ್ ಬೆಲ್ಟಿಗೆ, ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಅಲ್ಲಿಗೆ ಕೈ ಹಾಕಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಅಂದು ಬೆರಳಿನ ತುದಿಯಲ್ಲಿ ಮುಗಿಯಿತು. ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಮುನ್ನೂರು, ನಾಲ್ಕುನೂರು ವೋಲ್ಟ್ ಹರಿಯುತ್ತದೆ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯುವ ತನಕ ಕಾಯಬೇಕು, ನಂತರ ಮೀಟರ್ ಹಿಡಿದು ಸೊನ್ನೆ ಎಂದು ಖಾತ್ರಿ ಮಾಡಿಕೊಂಡೇ ಕೈ ಹಾಕಬೇಕು. ಇದನ್ನು ನೋಡಿ ನೋಡಿ ಕಲಿಯಲಿ ಎಂದು ಬಿಡುವಂತಿಲ್ಲ.

ಸಲಕರಣೆಯ ಬಗ್ಗೆ ಚಿಕ್ಕದೊಂದು ವಿನಂತಿ. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿಗೆ 15,000 ರೂಪಾಯಿಯ ಸಲಕರಣೆ ನೆರವು ಇದೆ. ಕಮ್ಮಾರರೂ ಬೀಗ ಮಾಡುವವರೂ ಆ ಪಟ್ಟಿಯಲ್ಲಿ ಇದ್ದಾರೆ, ವಾಹನ ಮೆಕ್ಯಾನಿಕ್ ಇಲ್ಲ. ವೃತ್ತಿ ಪರೀಕ್ಷೆ ಪಾಸಾದ ಗ್ಯಾರೇಜು ಹುಡುಗರಿಗೆ ರಾಜ್ಯವೇ ಅಷ್ಟು ಮೊತ್ತದ ಒಂದು ಪಾನಾ ಸೆಟ್ಟು, ಮಲ್ಟಿಮೀಟರ್ ಮತ್ತು ಟಾರ್ಕ್ ರೆಂಚ್ ಕೊಡುವುದನ್ನು ಪರಿಶೀಲಿಸಬೇಕು.

ಇಡೀ ರಾಜ್ಯಕ್ಕೆ ಒಮ್ಮೆಲೇ ಆದೇಶ ಹೊರಡಿಸಿ ಎಂದು ನಾನು ಕೇಳುತ್ತಿಲ್ಲ. ಹುಬ್ಬಳ್ಳಿ ಅಥವಾ ಧಾರವಾಡದ ಒಂದೇ ಒಂದು ಸರ್ಕಾರಿ ಐಟಿಐಯಲ್ಲಿ, ಒಂದು ವರ್ಷದ ಮಟ್ಟಿಗೆ, ವಾರಕ್ಕೆ ಮೂರು ದಿನ ಸಂಜೆ ಆರೂವರೆಯಿಂದ ಒಂಬತ್ತರವರೆಗೆ, 18 ತುಂಬಿದ ಇಪ್ಪತ್ತು ಗ್ಯಾರೇಜು ಹುಡುಗರಿಗೆ ಯಂತ್ರಾಗಾರದ ಬಾಗಿಲು ತೆರೆಸಿ. ಸಂಜೆ ಪಾಳಿಯ ಬೋಧಕರಿಗೆ ಪ್ರತ್ಯೇಕ ಗೌರವಧನ ನಿಗದಿಪಡಿಸಿ, ಇರುವವರ ಮೇಲೆಯೇ ಹೊರೆ ಹೊರಿಸಬೇಡಿ. ಪಾಠ ಕನ್ನಡದಲ್ಲಿ ಇರಲಿ, ಸ್ಕ್ಯಾನರಿನ ಪರದೆಯಲ್ಲಿ ಬರುವ ಇಂಗ್ಲಿಷ್ ಪದಗಳನ್ನು ಗುರುತಿಸುವಷ್ಟು ಓದನ್ನೂ ಅದರೊಳಗೆ ಸೇರಿಸಿ. ವರ್ಷದ ಕೊನೆಗೆ ಅವರನ್ನು ವೃತ್ತಿ ಪರೀಕ್ಷೆಗೆ ಕೂರಿಸಿ. ನನ್ನ ಹುಡುಗರನ್ನು ಆ ಮೂರು ದಿನ ಆರು ಗಂಟೆಗೇ ಬಿಡುತ್ತೇನೆ, ಬಟವಾಡೆ ಮುರಿಯುವುದಿಲ್ಲ. ಅಕ್ಕಪಕ್ಕದ ನಾಲ್ವರು ಮಾಲೀಕರೂ ಇದಕ್ಕೆ ಒಪ್ಪಿದ್ದಾರೆ. ನನ್ನ ಶೆಡ್ಡಿನ ಹಿಂದೆ ಮಾಲೀಕರು ಬಿಟ್ಟುಹೋದ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಒಂದು ಬಿದ್ದಿದೆ. ಹುಡುಗರು ಬಿಚ್ಚಿ ಕಟ್ಟಲು ಅದು ಬೇಕೆಂದರೆ, ಇಲಾಖೆಯವರು ಹೇಳಿದ ದಿನ ಐಟಿಐ ಬಾಗಿಲಿಗೆ ನಾನೇ ತಂದು ಇಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗ್ಯಾರೇಜು ಮಾಲೀಕ,
ಕಾರವಾರ ರಸ್ತೆ, ಹುಬ್ಬಳ್ಳಿ