ಅಪ್ಪನ ಕೆರೆ ಬೆಳಗಿನ ನಡಿಗೆ ಗುಂಪಿನ ಅಕ್ಕಂದಿರಿಗೆ

ಎಲ್ಲರಿಗೂ ಶರಣ್ರಿ. ನಾಳಿಂದ ಐದೂವರೆಗೇ ಸೇರೋಣ, ಏಳರ ಮ್ಯಾಲೆ ಕಲಬುರಗಿ ಬಿಸಿಲು ತಡೆಯೋಕಾಗಂಗಿಲ್ಲ.

ನಿನ್ನೆ ಇಬ್ಬರು ಕೇಳಿದ್ರಿ, ಊಟ ಮೊದಲಿನಷ್ಟೇ ಅದ, ಹೊಟ್ಟಿ ಮಾತ್ರ ಯಾಕ ಬರ್ಲಿಕತ್ತದ ಅಂತ. ತಪ್ಪು ನಿಮ್ಮದಲ್ರಿ. ಈಸ್ಟ್ರೋಜೆನ್ ಅನ್ನೋ ಹೆಣ್ಮಕ್ಕಳ ಹಾರ್ಮೋನು ಚೊಲೋ ಇರೋತನಕ ಕೊಬ್ಬು ಹೆಚ್ಚಾಗಿ ತೊಡಿ, ಪಿರ್ರಿ ಕಡೆ ಕೂಡತದ. ಮುಟ್ಟು ನಿಲ್ಲೋ ವಯಸ್ಸಿನಾಗ ಅದು ಇಳೀತದ, ಕೊಬ್ಬು ಹೊಟ್ಟಿ ಕಡೆ ಹೊರಳತದ. ಕರುಳು, ಲಿವರ್ ಸುತ್ತ ಕೂಡೋ ಈ ಕೊಬ್ಬೇ ಶುಗರಿಗೆ, ಹೃದಯದ ತ್ರಾಸಿಗೆ ದಾರಿ. ಅದಕ್ಕ ತೂಕದ ಜೊತಿಗೆ ಟೇಪೂ ಹಿಡೀರಿ. ನಮ್ಮ ದೇಶದ ಹೆಣ್ಮಕ್ಕಳಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ಮುಟ್ಟಿದ್ರ ಎಚ್ಚರ ಇರಬೇಕು.

ಹೊಟ್ಟಿ ಬೆಲ್ಟು, ಕೊಬ್ಬು ಕರಗಿಸೋ ಪುಡಿ ಇಂಥಾ ಫಾರ್ವರ್ಡ್ ದಯವಿಟ್ಟು ಹಾಕಬ್ಯಾಡ್ರಿ. ಒಂದೇ ಜಾಗದ ಕೊಬ್ಬು ಕರಗಿಸಲಿಕ್ಕೆ ಆಗಂಗಿಲ್ಲ. ಸಮಾಧಾನದ ಮಾತಂದ್ರ, ದಿನಾ ಬಿರಬಿರನೆ ನಡೆದ್ರ ಹೊಟ್ಟಿ ಒಳಗಿನದು ಮೊದಲು ಇಳೀತದ. ತೊಡೀದು ತಡ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಜೋಳದ ರೊಟ್ಟಿ ಬಿಡಬ್ಯಾಡ್ರಿ, ಎಣಿಸಿ ತಿನ್ರಿ. ಜೊತಿಗೆ ಕಾಳಪಲ್ಯ, ಪುಂಡಿಪಲ್ಯ ಇರಲಿ. ನಾಳೆ ಒಂದೊಂದು ಲೀಟರಿನ ಎರಡು ಬಾಟಲಿ ನೀರು ತುಂಬಿ ತರ್ರಿ, ವಾರದಾಗ ಎರಡು ದಿನ ಅವನ್ನೇ ಎತ್ತಿ ಇಳಿಸೋಣ. ಥೈರಾಯ್ಡ್, ಪಿಸಿಒಡಿ (ಅಂಡಾಶಯದ ತ್ರಾಸು) ಇದ್ದವರು ಮೊದಲು ಡಾಕ್ಟರಿಗೆ ಕೇಳಿಕೊಂಡು ಬರ್ರಿ.